ಲ್ಯಾಂಡ್ ಗ್ರಾಂಟ್ ಕಾಲೇಜು: ದುಡ್ಡು ಯಾರ ಕೈಗೆ, ಪಾಠ ಯಾರಿಗೆ?

ಕೃಷಿ ಶಿಕ್ಷಣದ ಇತಿಹಾಸ ಎಂದರೆ ನಮ್ಮಲ್ಲಿ ಬಹುತೇಕರು 1862ರ ಮಾರಿಲ್ ಕಾಯ್ದೆಯನ್ನು ಉರು ಹೊಡೆದು ಮುಂದೆ ಹೋಗುತ್ತೇವೆ. ಅಮೆರಿಕದ ಪ್ರತಿ ರಾಜ್ಯಕ್ಕೂ ಅದರ ಸಂಸದರ ತಲೆಗೆ 30,000 ಎಕರೆಯಂತೆ ಜಮೀನು, ಅದನ್ನು ಮಾರಿದ ಹಣದಲ್ಲಿ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜು; ಇವೇ ಲ್ಯಾಂಡ್ ಗ್ರಾಂಟ್ ಕಾಲೇಜುಗಳು. ಇಷ್ಟು ಬರೆದರೆ ಎರಡು ಅಂಕ ಖಚಿತ. ಆದರೆ ಆ ಜಮೀನು ಯಾರದಾಗಿತ್ತು? ಮೂಲನಿವಾಸಿಗಳಿಂದ ಒಪ್ಪಂದದ ಹೆಸರಲ್ಲೋ ಬಲವಂತದಿಂದಲೋ ಪಡೆದದ್ದು, ಒಟ್ಟು 1 ಕೋಟಿ ಎಕರೆಗೂ ಹೆಚ್ಚು. ಆ ಮೂಲನಿವಾಸಿಗಳ ಕಾಲೇಜುಗಳಿಗೆ ಲ್ಯಾಂಡ್ ಗ್ರಾಂಟ್ ಸ್ಥಾನಮಾನ ದಕ್ಕಿದ್ದು 1994ರಲ್ಲಿ!

1890ರ ಎರಡನೇ ಮಾರಿಲ್ ಕಾಯ್ದೆ ಒಂದು ಷರತ್ತು ಹಾಕಿತು: ಪ್ರವೇಶದಲ್ಲಿ ಬಣ್ಣ ನೋಡಬೇಡಿ, ಇಲ್ಲವೇ ಕಪ್ಪು ವಿದ್ಯಾರ್ಥಿಗಳಿಗೆ ಬೇರೆ ಕಾಲೇಜು ತೋರಿಸಿ, ಹಣವನ್ನು ನ್ಯಾಯವಾಗಿ ಹಂಚಿ. ದಕ್ಷಿಣದ ರಾಜ್ಯಗಳು ಎರಡನೆಯದನ್ನೇ ಹಿಡಿದವು. ಹಾಗಾಗಿ 'ಕಪ್ಪು ಜನರಿಗೆ ಬಾಗಿಲು ತೆರೆದ ಕಾಯ್ದೆ' ಎಂದಷ್ಟೇ ಬರೆದರೆ ಅರ್ಧ ಉತ್ತರ. ಪ್ರತ್ಯೇಕತೆಗೆ ಕೇಂದ್ರದ ಮುದ್ರೆ ಬಿದ್ದದ್ದೂ ಅಲ್ಲೇ.

ನನ್ನ ಮಟ್ಟಿಗೆ ನಿಜವಾಗಿ ಕುಳಿತು ಓದಬೇಕಾದದ್ದು 1914ರ ಸ್ಮಿತ್-ಲೀವರ್ ಕಾಯ್ದೆ. ಕೃಷಿ ವಿಸ್ತರಣಾ ಸೇವೆ, ಅಂದರೆ ಕಾಲೇಜಿನ ತಿಳಿವನ್ನು ರೈತರ ಬಳಿಗೆ ಒಯ್ಯುವ ಕೆಲಸ, ದೇಶವ್ಯಾಪಿಯಾಗಿ ಶುರುವಾದದ್ದು ಇದರಿಂದ. ಇದರಲ್ಲಿ ಜನಾಂಗದ ಮಾತೇ ಇಲ್ಲ. ಒಂದು ರಾಜ್ಯದಲ್ಲಿ ಎರಡು ಕಾಲೇಜುಗಳಿದ್ದರೆ ಹಣ ಯಾವುದಕ್ಕೆ ಎಂದು ಆ ರಾಜ್ಯದ ಶಾಸಕಾಂಗ ತೀರ್ಮಾನಿಸಲಿ ಎಂದಿದೆ, ಅಷ್ಟೆ. ಕಪ್ಪು ಜನರಿಗೆ ಮತ ಹಾಕಲೂ ಬಿಡದಿದ್ದ ಶಾಸಕಾಂಗಗಳು ಏನು ತೀರ್ಮಾನಿಸಿದವು ಎಂದು ಬೇರೆ ಹೇಳಬೇಕೆ? ಕಪ್ಪು ಕಾಲೇಜುಗಳಿಗೂ ಪಾಲಿರಲಿ ಎಂದು ಸೆನೆಟ್‌ನಲ್ಲಿ ಅದರ ಸದಸ್ಯ ಜೋನ್ಸ್ ತಂದ ತಿದ್ದುಪಡಿ ಬಿದ್ದುಹೋಯಿತು.

ವಿಸ್ತರಣೆಯ ಕೆಲಸವನ್ನು ಅದಕ್ಕೂ ಮೊದಲೇ ಮಾಡಿ ತೋರಿಸಿದವರು ಅಲಬಾಮ ರಾಜ್ಯದ ಕಪ್ಪು ಜನರ ಶಿಕ್ಷಣ ಸಂಸ್ಥೆ ಟಸ್ಕೀಗಿಯವರು ಎಂಬುದನ್ನು ಇದರ ಪಕ್ಕದಲ್ಲೇ ಬರೆದುಕೊಳ್ಳಿ. 1906ರಲ್ಲಿ ಅವರು ಹೇಸರಗತ್ತೆ ಕಟ್ಟಿದ 'ಜೆಸಪ್' ಎಂಬ ಬಂಡಿಯಲ್ಲಿ ನೇಗಿಲು, ಬೀಜ, ಹಾಲಿನ ಸಲಕರಣೆ ಹೇರಿಕೊಂಡು ಅಲಬಾಮದ ಹಳ್ಳಿಗಳಿಗೆ ಹೋಗಿ ಹೊಲದಲ್ಲೇ ಪಾಠ ಮಾಡುತ್ತಿದ್ದರು. ಅದನ್ನು ನಡೆಸಿದ ಥಾಮಸ್ ಕ್ಯಾಂಬೆಲ್ ಮೊದಲ ಕಪ್ಪು ವಿಸ್ತರಣಾಧಿಕಾರಿ. ಬಂಡಿಯ ಕಲ್ಪನೆಯ ಹಿಂದಿದ್ದ ಟಸ್ಕೀಗಿಯ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಐಯೋವಾ ಕೃಷಿ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿ. ಅಲ್ಲಿ ಸೇರಿದ ಹೊಸತರಲ್ಲಿ ಅವರಿಗೆ ಊಟ ಬಡಿಸುತ್ತಿದ್ದದ್ದು ನೆಲಮಾಳಿಗೆಯಲ್ಲಿ, ತೋಟದ ಆಳುಗಳ ಜೊತೆ. ಸೀಟು ಸಿಕ್ಕಿತು, ಪಂಕ್ತಿ ಸಿಗಲಿಲ್ಲ.

ಹೆಣ್ಣುಮಕ್ಕಳ ಕಥೆ ಬೇರೆ ಥರ. ಐಯೋವಾ 1869ರಲ್ಲಿ ತರಗತಿ ಆರಂಭಿಸಿದಾಗಲೇ ಅವರನ್ನು ಸೇರಿಸಿಕೊಂಡಿತ್ತು. ಆದರೆ ಬೇಸಾಯದ ಪಾಠ ಗಂಡಿಗೆ, ಮನೆವಾರ್ತೆ ಹೆಣ್ಣಿಗೆ ಎಂಬ ಗೆರೆ ಬೇಗನೆ ಎದ್ದಿತು. ಗೃಹ ವಿಜ್ಞಾನವನ್ನು ಬರೀ ಅಡುಗೆಮನೆಯ ಬೇಲಿ ಎಂದು ತಳ್ಳಿಹಾಕಲೂ ಮನಸ್ಸು ಬರುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ರೈತರ ಹೆಂಡತಿಯರಿಗೆಂದು 1900ರಲ್ಲಿ ಅಂಚೆ ಪಾಠ ಶುರುಮಾಡಿದ ಮಾರ್ಥಾ ವ್ಯಾನ್ ರೆನ್ಸೆಲೇರ್, ಸಹೋದ್ಯೋಗಿ ಫ್ಲೋರಾ ರೋಸ್ ಜೊತೆ 1911ರಲ್ಲಿ ಪ್ರೊಫೆಸರ್ ಆದರು. ಆ ವಿಷಯ ಇಲ್ಲದಿದ್ದರೆ ಆ ಹುದ್ದೆ ಸಿಗುತ್ತಿತ್ತೇ ಎಂಬುದು ನನ್ನ ಅನುಮಾನ. ಇನ್ನು ದಕ್ಷಿಣದ ಹಳ್ಳಿಗಳಲ್ಲಿ ದುಡಿದ ಕಪ್ಪು ಗೃಹ ವಿಸ್ತರಣಾಧಿಕಾರಿಣಿಯರಿಗೆ ಎರಡೂ ಗೆರೆಗಳು ಅಡ್ಡ ಬಂದವು. ಬಿಳಿಯರಿಗಿಂತ ಸಂಬಳವೂ ಕಡಿಮೆ.

ನಮಗೂ ಇದಕ್ಕೂ ನಂಟಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ ಇದೇ ಮಾದರಿಯಲ್ಲಿ ಹುಟ್ಟಿದ್ದು; ನೆರವಿಗೆ ಬಂದದ್ದು ಟೆನೆಸಿ ವಿಶ್ವವಿದ್ಯಾನಿಲಯ. ಆ ಟೆನೆಸಿ ತನ್ನದೇ ರಾಜ್ಯದ ಕಪ್ಪು ಮಕ್ಕಳನ್ನು ಪದವಿ ತರಗತಿಗೆ ಸೇರಿಸಿಕೊಂಡದ್ದು 1961ರಲ್ಲಿ. ಪಾಠ, ಸಂಶೋಧನೆ, ವಿಸ್ತರಣೆ ಒಂದೇ ಸೂರಿನಡಿ ಎಂಬ ಮಾದರಿಯನ್ನು ಹೊಗಳುವ ನಮ್ಮ ಪಠ್ಯಗಳಲ್ಲಿ ಈ ಇಸವಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಣದ ಲೆಕ್ಕ ಇನ್ನೂ ಮುಗಿದಿಲ್ಲ. 1890ರ ಕಾಯ್ದೆಯ ಕಪ್ಪು ಕಾಲೇಜುಗಳಿಗೆ ಮೂರು ದಶಕಗಳಲ್ಲಿ ಸಲ್ಲಬೇಕಾಗಿದ್ದ 1,200 ಕೋಟಿಗೂ ಮಿಕ್ಕಿದ ಡಾಲರನ್ನು ಕೊಟ್ಟಿಲ್ಲ ಎಂದು 2023ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ 16 ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆಯಿತು.