ಮೊದಲು ತೋಳಿಗೆ ಸೂಜಿ, ಆಮೇಲೆ ಅನಾಟಮಿ

ನೀಟ್ ಮುಗಿದ ಮರುವಾರದಿಂದಲೇ ಅಪ್ಪ ಅಮ್ಮಂದಿರು ಒಂದೇ ಪ್ರಶ್ನೆ ಹೊತ್ತು ಬರುತ್ತಾರೆ. "ಡಾಕ್ಟ್ರೇ, ಕ್ಲಾಸು ಶುರುವಾಗೋಕೆ ಇನ್ನೂ ನಾಲ್ಕೈದು ತಿಂಗಳಿದೆ. ಮಗಳು ಮನೇಲಿ ಸುಮ್ಮನೆ ಕೂತಿದ್ದಾಳೆ. ಯಾವ ಪುಸ್ತಕ ಕೊಡಿಸೋಣ?" ಕೆಲವರು ಕೇಳುವ ಹೊತ್ತಿಗೆ ಕೊಡಿಸಿಯೂ ಆಗಿರುತ್ತದೆ. ಅನಾಟಮಿಯ ಅಷ್ಟೂ ಸಂಪುಟ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಜೊತೆಗೆ ದುಡ್ಡು ಕಟ್ಟಿದ ಆನ್‌ಲೈನ್ ಕೋರ್ಸು. ಹುಡುಗಿಯ ತೋಳಿಗೆ ಮಾತ್ರ ಹೆಪಟೈಟಿಸ್ ಬಿ, ಅಂದರೆ ರಕ್ತದಿಂದ ಅಂಟಿ ಲಿವರ್ ಕೆಡಿಸುವ ವೈರಸ್ಸಿನ, ಲಸಿಕೆ ಬಿದ್ದಿದೆಯೋ ಇಲ್ಲವೋ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಇದನ್ನು ನೋಡಿ ನೋಡಿ ಬೇಸತ್ತು ಈ ಸಲದ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಪುಸ್ತಕದ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ನಿಮ್ಮ ಕತ್ತಿನ ಬುಡದ ಗುಳಿಯ ಪಕ್ಕದಿಂದ ಕಾಲರ್ ಮೂಳೆಯ ಮೇಲೆ ಬೆರಳಿಟ್ಟು ಭುಜದ ಕಡೆಗೆ ಜಾರಿಸಿ. ಮೊದಲ ಮೂರನೇ ಎರಡು ಪಾಲು ಮುಂದಕ್ಕೆ ಉಬ್ಬಿರುತ್ತದೆ, ಉಳಿದ ಪಾಲು ಹಿಂದಕ್ಕೆ ಬಾಗಿ ಚಪ್ಪಟೆಯಾಗುತ್ತದೆ. ಪರೀಕ್ಷೆಯಲ್ಲಿ ಮೂಳೆಯನ್ನು ಕೈಗೆ ಕೊಟ್ಟು ಇದು ಎಡಗಡೆಯದೋ ಬಲಗಡೆಯದೋ ಎಂದು ಕೇಳಿದಾಗ ಉತ್ತರ ಹೇಳಲು ಬೇಕಾದ ಅರ್ಧ ಸಂಗತಿ ಇಷ್ಟರಲ್ಲೇ ಇದೆ. ಉಳಿದರ್ಧಕ್ಕೆ ಮೂಳೆಯನ್ನು ಬೋರಲು ಹಾಕಿ ಕೆಳಮೈಯಲ್ಲಿರುವ ತೋಡನ್ನು ಸವರಿ ನೋಡಿದರೆ ಸಾಕು. ಮೂಳೆ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ಮೂಳೆ ಇಲ್ಲದೆ ಪುಸ್ತಕ ನೋಡಿ ಉರು ಹೊಡೆದರೆ ಒಂದು ಸಂಜೆ ಹಿಡಿಯುತ್ತದೆ, ಹದಿನೈದು ದಿನಕ್ಕೆ ಮರೆತುಹೋಗುತ್ತದೆ. ಜೂನ್‌ನಲ್ಲಿ ಓದಿದ್ದು ಅಕ್ಟೋಬರ್‌ಗೆ ಉಳಿಯುವುದು ಕಷ್ಟ. ಉಳಿದದ್ದು ಅರ್ಧಂಬರ್ಧ ಉಳಿದಿರುತ್ತದೆ, ಅದನ್ನು ಅಳಿಸಿ ತಿದ್ದಿಕೊಳ್ಳುವುದೇ ಇನ್ನೊಂದು ಕೆಲಸ. ಯಾವ ಕಾಲೇಜು ಯಾವ ಪುಸ್ತಕ ಹೇಳುತ್ತದೆ ಎಂಬುದು ಮೊದಲ ವಾರದಲ್ಲೇ ತಿಳಿಯುತ್ತದೆ. ಬೋನ್ ಸೆಟ್ಟನ್ನು ಸೀನಿಯರ್‌ಗಳಿಂದ ಪಡೆಯಬಹುದು, ಗ್ರಂಥಾಲಯವೂ ಇದೆ. ಓದಲು ಮುಂದೆ ನಾಲ್ಕೂವರೆ ವರ್ಷವಿದೆ.

ಕಾಲೇಜು ಶುರುವಾದ ಮೇಲೆ ಅವಸರ ಮಾಡಿ ತುಂಬಿಕೊಳ್ಳಲಾಗದ ಒಂದು ಸಂಗತಿ ಇದೆ. ಅದು ಹೆಪಟೈಟಿಸ್ ಬಿ ಲಸಿಕೆಯ ಆರು ತಿಂಗಳು.

ಲಸಿಕೆಗೆ ಮೂರು ಡೋಸು. ಮೊದಲನೆಯದು ಇಂದು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಮೊದಲ ಡೋಸಿನಿಂದ ಆರು ತಿಂಗಳಿಗೆ. ಮೇ 10ಕ್ಕೆ ಶುರು ಮಾಡಿದರೆ ಜೂನ್ 10, ಆಮೇಲೆ ನವೆಂಬರ್ 10. ಕಡೆಯ ಡೋಸಾದ ಒಂದೆರಡು ತಿಂಗಳಿಗೆ ಒಂದು ರಕ್ತಪರೀಕ್ಷೆ. ಅದರ ಹೆಸರು ಆಂಟಿ-ಎಚ್‌ಬಿಎಸ್ ಟೈಟರ್, ಲಸಿಕೆಯಿಂದ ರಕ್ತದಲ್ಲಿ ಎಷ್ಟು ರಕ್ಷಣೆ ಹುಟ್ಟಿದೆ ಎಂದು ಅಳೆಯುವುದು ಅದು, ಅಂಕೆ 10 ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ಹಾಕಿಸಬೇಕಾದದ್ದು ತೋಳಿನ ಮೇಲ್ಭಾಗದ ಸ್ನಾಯುವಿಗೆ. ಪೃಷ್ಠಕ್ಕೆ ಹಾಕಿದರೆ ಲಸಿಕೆ ಕೊಬ್ಬಿನಲ್ಲಿ ಉಳಿದು ರಕ್ಷಣೆ ಸರಿಯಾಗಿ ಬರುವುದಿಲ್ಲ. ಕೆಲವು ಕಡೆ ಅಭ್ಯಾಸಬಲದಿಂದ ಅಲ್ಲೇ ಹಾಕಲು ಹೊರಡುತ್ತಾರೆ, ಬೇಡ ಎನ್ನಿ. ಒಂದು ಡೋಸಿನ ಬೆಲೆ ಅನಾಟಮಿಯ ಒಂದು ಸಂಪುಟದ ಬೆಲೆಗಿಂತ ಕಡಿಮೆ.

ಇಷ್ಟು ಹೇಳಿದರೆ ಬರುವ ಮೊದಲ ಉತ್ತರ, "ಚಿಕ್ಕೋಳಿದ್ದಾಗ ಎಲ್ಲಾ ಇಂಜೆಕ್ಷನ್ನೂ ಹಾಕಿಸಿದ್ದೀವಿ." ತಾಯಂದಿರು ಸುಳ್ಳು ಹೇಳುವುದಿಲ್ಲ. ಬಿಸಿಜಿ, ಪೋಲಿಯೊ, ಡಿಪಿಟಿ, ದಡಾರದ್ದು ಖಂಡಿತ ಆಗಿರುತ್ತದೆ. ಆದರೆ ಹೆಪಟೈಟಿಸ್ ಬಿ ದೇಶದಾದ್ಯಂತ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಪೂರ್ತಿಯಾಗಿ ಸೇರಿದ್ದು 2011ರ ಹೊತ್ತಿಗೆ. ಈಗ ಕಾಲೇಜಿಗೆ ಬರುತ್ತಿರುವವರು ಹುಟ್ಟಿದ್ದು ಅದಕ್ಕೂ ಕೆಲವು ವರ್ಷ ಮೊದಲು. ಕೆಲವರಿಗೆ ಸಿಕ್ಕಿದೆ, ಕೆಲವರಿಗೆ ಇಲ್ಲ. ಅದಕ್ಕೇ ತಾಯಿ ಕಾರ್ಡನ್ನೋ ಮಕ್ಕಳ ಡಾಕ್ಟರು ಬರೆದುಕೊಟ್ಟ ಪುಸ್ತಕವನ್ನೋ ಹುಡುಕಿ ತೆಗೆಯಿರಿ. ಅದರಲ್ಲಿ ಮೂರು ಡೋಸಿನ ತಾರೀಕು ಇದ್ದರೆ ಮತ್ತೆ ಮೂರು ಹಾಕಿಸುವ ಅಗತ್ಯವಿಲ್ಲ, ಟೈಟರ್ ಒಂದನ್ನು ಮಾಡಿಸಿ. ಶಿಶುವಾಗಿದ್ದಾಗ ಹಾಕಿಸಿಕೊಂಡವರಲ್ಲಿ ಹದಿನೆಂಟು ವರ್ಷದ ಹೊತ್ತಿಗೆ ಅಂಕೆ 10ಕ್ಕಿಂತ ಕೆಳಗಿಳಿದಿರುವುದು ಸಾಮಾನ್ಯ. ಲಸಿಕೆ ಕೆಲಸ ಮಾಡಲಿಲ್ಲ ಎಂದು ಅದರರ್ಥವಲ್ಲ, ದೇಹಕ್ಕೆ ನೆನಪಿರುತ್ತದೆ. ಒಂದು ಬೂಸ್ಟರ್ ಕೊಟ್ಟು ತಿಂಗಳ ಮೇಲೆ ಮತ್ತೆ ನೋಡಿದರೆ ಬಹುತೇಕರಲ್ಲಿ ಅಂಕೆ ಏರಿರುತ್ತದೆ. ಏರದಿದ್ದರೆ ಉಳಿದೆರಡು ಡೋಸು ಮುಗಿಸಬೇಕು. ಕಾರ್ಡು ಸಿಗಲೇ ಇಲ್ಲವೆಂದರೆ ಹಾಕಿಸಿಲ್ಲ ಎಂದೇ ಲೆಕ್ಕ ಹಿಡಿದು ಮೊದಲಿನಿಂದ ಶುರು ಮಾಡಿ. ಹೆಚ್ಚಿಗೆ ಬಿದ್ದ ಡೋಸಿನಿಂದ ಕೇಡಿಲ್ಲ.

ಎರಡನೆಯ ಉತ್ತರ, "ಕಾಲೇಜಿನವರೇ ಹಾಕಿಸ್ತಾರಲ್ಲ." ಅನೇಕ ಕಾಲೇಜುಗಳು ಹಾಕಿಸುತ್ತವೆ, ನಿಜ. ಆದರೆ ಅಲ್ಲಿ ಮೊದಲ ಡೋಸು ಬೀಳುವ ಹೊತ್ತಿಗೆ ಮಕ್ಕಳು ಫಿಸಿಯಾಲಜಿ ಲ್ಯಾಬಿನಲ್ಲಿ ಕೂತಾಗಿರುತ್ತದೆ. ಸೂಜಿ, ರಕ್ತ ಎಲ್ಲ ಮೂರನೇ ವರ್ಷದ ಮಾತು ಎಂದು ಹೊರಗಿನವರು ತಿಳಿದಿದ್ದಾರೆ. ಮೊದಲ ವರ್ಷದ ಹೆಮಟಾಲಜಿ, ಅಂದರೆ ರಕ್ತ ಪರೀಕ್ಷಿಸುವ, ಪ್ರಾಕ್ಟಿಕಲ್ ಒಮ್ಮೆ ನೋಡಬೇಕು ಅವರು. ಉದ್ದದ ಬೆಂಚಿನ ಮೇಲೆ ಸಾಲಾಗಿ ಮೈಕ್ರೋಸ್ಕೋಪು. ಇಬ್ಬಿಬ್ಬರ ಜೋಡಿ. ಎಡಗೈ ಉಂಗುರದ ಬೆರಳನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಲ್ಯಾನ್ಸೆಟ್‌ನಿಂದ ಚುಚ್ಚಿ, ಉಬ್ಬಿ ಬಂದ ಹನಿಯನ್ನು ಸಾಹ್ಲಿ ಪಿಪೆಟ್ ಎಂಬ ಸಣ್ಣ ಗಾಜಿನ ಕೊಳವೆಗೆ 20 ಮೈಕ್ರೋಲೀಟರ್ ಗೆರೆಯವರೆಗೆ ಎಳೆಯಬೇಕು. ಎಳೆಯುವುದು ರಬ್ಬರ್ ಕೊಳವೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು. ಹೊಸಬರ ಕೈ ನಡುಗುತ್ತದೆ, ರಕ್ತ ಗೆರೆ ದಾಟುತ್ತದೆ, ಸ್ಲೈಡಿನ ಮೇಲೆ ಹರಡುತ್ತದೆ, ಬೆಂಚಿಗೆ ತಾಗುತ್ತದೆ. ಪಕ್ಕದವನ ಬೆರಳಿನಿಂದ ರಕ್ತ ಬಾರದಿದ್ದರೆ ಇವಳು ಹಿಡಿದು ಚುಚ್ಚುತ್ತಾಳೆ. ಗಡಿಬಿಡಿಯಲ್ಲಿ ಯಾರ ಲ್ಯಾನ್ಸೆಟ್ ಯಾವುದು ಎಂಬುದೇ ಕಲೆಸಿಹೋಗುವುದುಂಟು.

ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲಿ, ಬೆಂಚಿನ ಮೇಲೆ, ಕನಿಷ್ಠ ಏಳು ದಿನ ಜೀವ ಹಿಡಿದಿರುತ್ತದೆ. ಸೋಂಕಿರುವವರ ರಕ್ತದ ಸೂಜಿ ಚುಚ್ಚಿಕೊಂಡಾಗ ಲಸಿಕೆಯಿಲ್ಲದವರಿಗೆ ಹೆಪಟೈಟಿಸ್ ಬಿ ಅಂಟುವ ಸಾಧ್ಯತೆ ಶೇ. 6ರಿಂದ 30. ಎಚ್‌ಐವಿಗೆ ಅದೇ ಅಂಕೆ ಶೇ. 0.3. ಮಕ್ಕಳು ಹೆದರುವುದು ಎಚ್‌ಐವಿಗೆ, ಮೈಮರೆಯುವುದು ಇದರ ವಿಷಯದಲ್ಲಿ. ಎಚ್‌ಐವಿಗೆ ಲಸಿಕೆಯಿಲ್ಲ, ಇದಕ್ಕೆ ಒಳ್ಳೆಯ ಲಸಿಕೆಯೇ ಇದೆ.

ಮೂರನೆಯ ಉತ್ತರ, "ಸೀಟು ಗ್ಯಾರಂಟಿ ಆಗ್ಲಿ, ಆಮೇಲೆ ನೋಡೋಣ." ಸೀಟು ಗ್ಯಾರಂಟಿಯಾಗುವುದು ಕೌನ್ಸೆಲಿಂಗ್ ಸುತ್ತುಗಳು ಮುಗಿದ ಮೇಲೆ. ಅಷ್ಟರಲ್ಲಿ ಎರಡು ಡೋಸಿನ ಕಾಲ ಕಳೆದಿರುತ್ತದೆ. ಎಂಬಿಬಿಎಸ್ ಸಿಗದೆ ಡೆಂಟಲ್ಲೋ ಆಯುರ್ವೇದವೋ ನರ್ಸಿಂಗೋ ಸಿಕ್ಕರೂ ಈ ಲಸಿಕೆ ಬೇಕೇ ಬೇಕು. ಮತ್ತೊಂದು ವರ್ಷ ನೀಟ್‌ಗೆ ಕೂತರೂ ಹಾಕಿಸಿದ್ದು ವ್ಯರ್ಥವಾಗುವುದಿಲ್ಲ.

ಈಗಾಗಲೇ ಆಗಸ್ಟ್ ಬಂದಿದ್ದರೆ? ಇವತ್ತೇ ಶುರು ಮಾಡಿ. ಎರಡು ಡೋಸಾದರೂ ಲ್ಯಾಬಿಗೆ ಮೊದಲು ಬೀಳಲಿ, ಮೂರನೆಯದನ್ನು ಫೆಬ್ರುವರಿಯಲ್ಲಿ ಊರಿಗೆ ಬಂದಾಗಲೋ ಕಾಲೇಜಿನ ಆಸ್ಪತ್ರೆಯಲ್ಲೋ ಹಾಕಿಸಿಕೊಳ್ಳಿ. ಮಕ್ಕಳು ಎಡವುವುದು ಈ ಮೂರನೆಯ ಡೋಸಿನಲ್ಲೇ. ಇಂಟರ್ನಲ್ಸ್ ಇತ್ತು, ಮರೆತೆ, ತಡವಾಯಿತು, ಇನ್ನು ಮೊದಲಿನಿಂದ ಹಾಕಿಸಬೇಕಲ್ಲ ಎಂದುಕೊಂಡು ಬಿಟ್ಟೇಬಿಡುತ್ತಾರೆ. ಮೊದಲಿನಿಂದ ಬೇಕಾಗಿಲ್ಲ. ವರ್ಷ ತಡವಾಗಿದ್ದರೂ ನಿಲ್ಲಿಸಿದಲ್ಲಿಂದ ಮುಂದುವರಿಸಿ. ಬೇಗ ಹಾಕಿಸುವುದೇ ತಪ್ಪು. ಎರಡನೆಯದಕ್ಕೂ ಮೂರನೆಯದಕ್ಕೂ ಕನಿಷ್ಠ 8 ವಾರ, ಮೊದಲನೆಯದಕ್ಕೂ ಮೂರನೆಯದಕ್ಕೂ ಕನಿಷ್ಠ 16 ವಾರ ಅಂತರ ಇರಲೇಬೇಕು.

ಡೋಸಿನ ಪ್ರಮಾಣ ವಯಸ್ಸು ಮತ್ತು ಕಂಪನಿಯ ಮೇಲೆ ಹೋಗುತ್ತದೆ, ಅದನ್ನು ಹಾಕುವ ವೈದ್ಯರಿಗೇ ಬಿಡಿ. ಹಿಂದೆ ಯಾವುದಾದರೂ ಲಸಿಕೆಗೆ ಮೈಯೆಲ್ಲ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಯೀಸ್ಟ್ ಒಗ್ಗದಿದ್ದರೆ ಮೊದಲೇ ಹೇಳಿ. ಮೂರು ಡೋಸಾದ ಮೇಲೂ ಟೈಟರ್ ಏರದಿದ್ದರೆ ಮತ್ತೊಂದು ಸುತ್ತು ಹಾಕಿಸುವ ಜೊತೆಗೆ ಸೋಂಕು ಈಗಾಗಲೇ ಇದೆಯೇ ಎಂದು ನೋಡುವ ಎಚ್‌ಬಿಎಸ್‌ಎಜಿ ಪರೀಕ್ಷೆಯೂ ಆಗಬೇಕು, ಯಾಕೆಂದರೆ ಹುಟ್ಟುವಾಗಲೇ ತಾಯಿಯಿಂದ ಸೋಂಕು ಬಂದು ಸದ್ದಿಲ್ಲದೆ ಇರುವವರಿದ್ದಾರೆ. ಅದು ಪಾಸಿಟಿವ್ ಬಂದ ದಿನ ಮನೆಯಲ್ಲಿ ಸಾವಾದಂತೆ ಅಳುತ್ತಾರೆ. ದಯವಿಟ್ಟು ಮಗುವನ್ನು ಹಾಗೆ ಹೆದರಿಸಬೇಡಿ. ಅದೊಂದೇ ಕಾರಣಕ್ಕೆ ಓದು ಬಿಡಬೇಕಾಗಿಲ್ಲ. ಲಿವರ್ ನೋಡುವ ತಜ್ಞರ ಬಳಿ ಹೋಗಿ, ಔಷಧಿ ಬೇಕೋ ಬರೀ ನಿಗಾ ಸಾಕೋ ಅವರು ಹೇಳುತ್ತಾರೆ. ಬೇಗ ಗೊತ್ತಾದದ್ದು ಒಳ್ಳೆಯದೇ ಆಯಿತು.

ಹೇಗೂ ತೋಳು ಚಾಚಿದ ಮೇಲೆ ಉಳಿದವನ್ನೂ ಕೇಳಿ. ಚಿಕನ್‌ಪಾಕ್ಸ್, ಅಂದರೆ ಸಿತಾಳೆ ಸಿಡುಬು, ಚಿಕ್ಕಂದಿನಲ್ಲಿ ಬಂದಿರದಿದ್ದರೆ ನಾಲ್ಕರಿಂದ ಎಂಟು ವಾರದ ಅಂತರದಲ್ಲಿ ಎರಡು ಡೋಸು. ಹಾಸ್ಟೆಲಿನಲ್ಲಿ ಒಬ್ಬರಿಗೆ ಬಂದರೆ ಮಹಡಿಗೇ ಹರಡುತ್ತದೆ. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ವಾರ ಹತ್ತು ದಿನ ಕ್ಲಾಸಿಲ್ಲ, ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಹಾಜರಾತಿ ಬೇಕಾದಲ್ಲಿ ಅದು ದುಬಾರಿ. ಎಂಎಂಆರ್, ಅಂದರೆ ದಡಾರ, ಮಂಗಬಾವು, ರುಬೆಲ್ಲಾದ ಲಸಿಕೆ, ಎರಡು ಡೋಸು ಆಗಿದೆಯೇ ನೋಡಿ. ಇವೆರಡೂ ಜೀವಂತ ಲಸಿಕೆಗಳಾದ್ದರಿಂದ ಒಂದೇ ದಿನ ಹಾಕಿಸಿ, ಇಲ್ಲದಿದ್ದರೆ ನಾಲ್ಕು ವಾರ ಬಿಡಿ. ಹತ್ತು ವರ್ಷದಿಂದ ಧನುರ್ವಾಯುವಿನ ಟಿ.ಟಿ. ಹಾಕಿಸಿಲ್ಲವೆಂದರೆ ಈಗ ಅದರ ಬದಲು ಡಿಫ್ತೀರಿಯಾವನ್ನೂ ತಡೆಯುವ ಟಿ.ಡಿ. ಒಂದು ಡೋಸು.

ಇಷ್ಟಾದ ಮೇಲೂ ದಿನ ಉಳಿದಿರುತ್ತದೆ. ಆಗ ಅಜ್ಜಿಯ ಪಕ್ಕ ಕೂರಲಿ. ಈಗಿನ ಪಠ್ಯಕ್ರಮದಲ್ಲಿ ಮೊದಲ ವರ್ಷವೇ ಹಳ್ಳಿಯ ಮನೆಗಳನ್ನು ದತ್ತು ತೆಗೆದುಕೊಂಡು ಹೋಗಿ ಮಾತಾಡಿಸಬೇಕು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಕನ್ನಡದ ಮಕ್ಕಳೇ ಅಲ್ಲಿ ತೊದಲುತ್ತಾರೆ. ದಮ್ಮು, ಉಬ್ಬಸ, ಹೊಟ್ಟೆ ತೊಳಸುವುದು, ಎದೆ ಡವಡವ ಅನ್ನುವುದು, ಕೈಕಾಲು ಜೋಮು ಹಿಡಿಯುವುದು, ಬಿಳಿ ಸೆರಗು, ಕಾಮಾಲೆ, ಇವೆಲ್ಲ ರೋಗಿ ಆಡುವ ಮಾತು. ಮೈಸೂರು ಸೀಮೆಯ ಹುಡುಗ ಹುಬ್ಬಳ್ಳಿ ಕಡೆ ಸೀಟು ಸಿಕ್ಕು ಹೋದರೆ ನೋವು ಅಲ್ಲಿ 'ಬ್ಯಾನಿ' ಆಗಿರುತ್ತದೆ. ಬಸುರಿ ಹೆಂಗಸು 'ಬ್ಯಾನಿ ಸುರು ಆಗೇತ್ರಿ' ಎಂದರೆ ಅದು ಹೆರಿಗೆ ನೋವು, ಕೂಡಲೇ ಏಳಬೇಕು. ಮನೆಯ ಹಿರಿಯರನ್ನು ಡಾಕ್ಟರ ಬಳಿ ಕರೆದೊಯ್ಯುವ ಕೆಲಸವನ್ನು ಈ ತಿಂಗಳುಗಳಲ್ಲಿ ಮಗುವಿಗೇ ಒಪ್ಪಿಸಿ. ಅಜ್ಜಿ ಹೇಳಿದ್ದೇನು, ಡಾಕ್ಟರು ಬರೆದದ್ದೇನು, ಮಾತ್ರೆಯನ್ನು ಅಜ್ಜಿ ನಿಜಕ್ಕೂ ನುಂಗಿದರೇ, ನಿಲ್ಲಿಸಿದ್ದು ಯಾಕೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ.

ಕನ್ನಡಕದ ನಂಬರ್ ಪರೀಕ್ಷಿಸಿಕೊಳ್ಳಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿಗೆ ಕನ್ನಡಕವನ್ನೇ ಇಟ್ಟುಕೊಳ್ಳಬೇಕು, ಶವ ಕೆಡದಂತೆ ಬಳಸುವ ಫಾರ್ಮಲಿನ್ ಆವಿಗೆ ಕಣ್ಣು ಉರಿಯುತ್ತದೆ.

ಕಡೆಯದಾಗಿ ಲಸಿಕೆಯ ಚೀಟಿ. ಪ್ರತಿ ಡೋಸಿನ ತಾರೀಕು, ಬ್ಯಾಚ್ ನಂಬರ್, ಸೀಲು, ಸಹಿ ಇರುವ ಒಂದೇ ಕಾರ್ಡು ಮಾಡಿಸಿ, ಟೈಟರ್ ವರದಿ ಬಂದಾಗ ಅದಕ್ಕೇ ಪಿನ್ ಮಾಡಿ. ಒಂದು ಪ್ರತಿ ಹಾಸ್ಟೆಲ್ ಟ್ರಂಕಿನಲ್ಲಿ, ಒಂದು ಮನೆಯಲ್ಲಿ, ಒಂದು ಫೋಟೊ ಮೊಬೈಲಿನಲ್ಲಿ ಇರಲಿ. ಬೇರೆಯವರ ರಕ್ತದ ಸೂಜಿ ಆಕಸ್ಮಿಕವಾಗಿ ಚುಚ್ಚಿದ ದಿನ ಬೆರಳನ್ನು ಹಿಂಡದೆ, ಬಾಯಿಗಿಡದೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ನೇರ ಕ್ಯಾಶುಯಲ್ಟಿಗೆ ಹೋಗಬೇಕು. ಅಲ್ಲಿ ಮೊದಲು ಕೇಳುವುದು ಆ ಅಂಕೆಯನ್ನೇ. 10ಕ್ಕಿಂತ ಮೇಲೆ ಎಂದು ತೋರಿಸಿದರೆ ಹೆಪಟೈಟಿಸ್ ಬಿ ಮಟ್ಟಿಗೆ ಬೇರೇನೂ ಬೇಕಾಗುವುದಿಲ್ಲ. ತೋರಿಸಲು ಏನೂ ಇಲ್ಲದಿದ್ದರೆ 24 ಗಂಟೆಯೊಳಗೆ, ತಕ್ಷಣದ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ ಹುಡುಕಿ ಓಡಬೇಕು, ಅದು ದುಬಾರಿ, ರಾತ್ರಿ ಹೊತ್ತು ಎಲ್ಲ ಕಡೆ ಸಿಗುವುದೂ ಇಲ್ಲ.