ಟಸ್ಕೀಗೀ ಪೈಲಟ್‌ಗಳ ಬೆಂಗಾವಲಿನಲ್ಲಿ ಒಂದು ಬಾಂಬರೂ ಬೀಳಲಿಲ್ಲವೇ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಟಸ್ಕೀಗೀಯಲ್ಲಿ ತರಬೇತಿ ಪಡೆದ ಅಮೆರಿಕದ ಕಪ್ಪು ಪೈಲಟ್‌ಗಳು ಬೆಂಗಾವಲು ಹೋದಾಗ ಒಂದು ಬಾಂಬರನ್ನೂ ಶತ್ರು ವಿಮಾನಗಳಿಗೆ ಬಲಿಕೊಡಲಿಲ್ಲ ಅಂತಾರೆ. ನಿಜವೇ?

ಉತ್ತರ: ನಿಜವಲ್ಲ. 27 ಬಾಂಬರ್‌ಗಳು ಬಿದ್ದವು. ಇವರ 332ನೇ ಫೈಟರ್ ಗ್ರೂಪ್ ಇದ್ದ ಅಮೆರಿಕದ 15ನೇ ವಾಯುಪಡೆಯ ಉಳಿದ ಆರು ಬೆಂಗಾವಲು ಗ್ರೂಪ್‌ಗಳ ಸರಾಸರಿ ನಷ್ಟ 46. ಸಾಧನೆಗೆ ಈ ಲೆಕ್ಕವೇ ಸಾಕು, ದಂತಕತೆ ಬೇಕಿಲ್ಲ.

ಲೆಕ್ಕ ಹಾಕಿದವರು ಅಮೆರಿಕದ ವಾಯುಪಡೆಯ ಇತಿಹಾಸಕಾರ ಡೇನಿಯಲ್ ಹಾಲ್ಮನ್. ಮೊದಲು 332ನೇ ಫೈಟರ್ ಗ್ರೂಪ್‌ನ ವರದಿಗಳಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಬಾಂಬರ್ ಗ್ರೂಪ್‌ಗೆ ಬೆಂಗಾವಲು ಎಂದು ಹುಡುಕಬೇಕು. ಆಮೇಲೆ ಅದೇ ದಿನ ಆ ಬಾಂಬರ್ ಗ್ರೂಪ್ ಸಲ್ಲಿಸಿದ, ಕಾಣೆಯಾದ ಸಿಬ್ಬಂದಿಯ ವರದಿ ತೆಗೆಯಬೇಕು. ಅದರಲ್ಲಿ ವಿಮಾನದ ಸೀರಿಯಲ್ ನಂಬರ್, ಕೊನೆಗೆ ಕಂಡ ಜಾಗ, ಬಿದ್ದ ಕಾರಣ ಇರುತ್ತವೆ. ನೆಲದ ಫಿರಂಗಿಗೆ ಸಿಕ್ಕಿ ಬಿದ್ದದ್ದನ್ನು ಲೆಕ್ಕದಿಂದ ಬಿಡಬೇಕು. ಅದನ್ನು ಯಾವ ಬೆಂಗಾವಲೂ ತಡೆಯಲಾರದು. 179 ಬೆಂಗಾವಲು ಹಾರಾಟಗಳಲ್ಲಿ ಬಾಂಬರ್ ಕಳೆದುಕೊಂಡದ್ದು ಏಳರಲ್ಲಿ ಮಾತ್ರ. ಉಳಿದ 172 ಹಾರಾಟಗಳಲ್ಲಿ ಜೊತೆಗಿದ್ದವರಿಗೆ ಆ ಮಾತು ನಿಜವೆಂದೇ ಕಂಡಿದ್ದರೆ ಆಶ್ಚರ್ಯವಿಲ್ಲ.

ನಷ್ಟ ಆಗುತ್ತಿದ್ದದ್ದು ಹೇಗೆ? ಬಾಂಬರ್ ಗ್ರೂಪ್‌ಗಳು ಒಂದರ ಹಿಂದೆ ಒಂದು ಮೈಲಿಗಟ್ಟಲೆ ಸಾಲಾಗಿ ಹೋಗುತ್ತವೆ. ಫೈಟರ್‌ನ ವೇಗ ಹೆಚ್ಚು. ಹಾಗಾಗಿ ಬಾಂಬರನ್ನು ಹಿಂದಿಕ್ಕದಂತೆ ಮೇಲೆ ಹಾವಿನ ಹಾಗೆ ಅಂಕುಡೊಂಕಾಗಿ ಹಾರುತ್ತಿರಬೇಕು. ಒಂದೇ ಫೈಟರ್ ಗ್ರೂಪ್ ಹಲವು ಬಾಂಬರ್ ಗ್ರೂಪ್‌ಗಳನ್ನು ಕಾಯುವಾಗ ಎಲ್ಲೋ ಒಂದು ಕಡೆ ಸಂದು ಬೀಳುತ್ತದೆ, ಜರ್ಮನರು ನುಗ್ಗುವುದು ಅಲ್ಲೇ. 1944ರ ಜುಲೈ 18ರಂದು ಜರ್ಮನಿಯ ಮೆಮ್ಮಿಂಗನ್ ದಾಳಿಯಲ್ಲಿ ಹೀಗೆಯೇ ಆಯಿತು: 27ರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಂಬರ್‌ಗಳು ಬಿದ್ದದ್ದು ಅದೊಂದೇ ದಿನ. ಅವತ್ತೇ ಈ ಗ್ರೂಪ್‌ನ ಗುರುತಾದ ಕೆಂಪು ಬಾಲದ ಪಿ-51 ಫೈಟರ್‌ನಲ್ಲಿದ್ದ ಕ್ಲಾರೆನ್ಸ್ ಲೆಸ್ಟರ್ ಒಬ್ಬರೇ ಮೂರು ಶತ್ರು ವಿಮಾನ ಉರುಳಿಸಿದರು.

ವರ್ಣಭೇದದ ನೆರಳು ಈ ಗ್ರೂಪ್‌ನ ರಚನೆಯಲ್ಲೇ ಇತ್ತು. ಬೇರೆ ಫೈಟರ್ ಗ್ರೂಪ್‌ಗಳಿಗೆ ಮೂರು ಸ್ಕ್ವಾಡ್ರನ್, ಇವರಿಗೆ ನಾಲ್ಕು. ಯುದ್ಧದಲ್ಲಿದ್ದ ಕಪ್ಪು ಫೈಟರ್ ಸ್ಕ್ವಾಡ್ರನ್‌ಗಳನ್ನೆಲ್ಲ ಗ್ರೂಪ್‌ನ ಕಪ್ಪು ಕಮಾಂಡರ್ ಬೆಂಜಮಿನ್ ಡೇವಿಸ್ ಜೂನಿಯರ್ ಕೈಕೆಳಗೆ ಒಂದೆಡೆ ಸೇರಿಸಿದ್ದರು. ಪೈಲಟ್ ಸತ್ತರೆ, ಸೆರೆಸಿಕ್ಕರೆ, ಬದಲಿ ಬರಬೇಕಾದದ್ದೂ ಕಪ್ಪು ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಅಲಬಾಮಾದ ಟಸ್ಕೀಗೀಯಿಂದಲೇ.

'ಒಂದೂ ಬಿದ್ದಿಲ್ಲ' ಎಂಬ ಮಾತು ಹಬ್ಬಿದ್ದು 'ಷಿಕಾಗೊ ಡಿಫೆಂಡರ್' ಪತ್ರಿಕೆಯ ಒಂದು ವರದಿಯಿಂದ. ಅದರ ದಿನಾಂಕ 1945ರ ಮಾರ್ಚ್ 24. ಅದೇ ದಿನ ಬರ್ಲಿನ್ ಹಾದಿಯಲ್ಲಿ ಇವರ ಪೈಲಟ್‌ಗಳು ಮೂರು ಜರ್ಮನ್ ಜೆಟ್‌ಗಳನ್ನು ಹೊಡೆದುರುಳಿಸಿದರು. ಇವರ ಕಾವಲಿನಲ್ಲಿದ್ದ ಕೆಲವು ಬಾಂಬರ್‌ಗಳೂ ಬಿದ್ದವು.