ಹೊಸ ಭಾಗ ಹಾಕಿಸಿದ ಮೇಲೆ ಎಂಜಿನ್ ಟಿಕ್ ಟಿಕ್ ಎನ್ನುತ್ತಿದೆ, ಬಿಚ್ಚಿಸಬೇಕೇ?

ಪ್ರಶ್ನೆ: ಕಾರಿಗೆ ಹೊಸ ಎಕ್ಸಾಸ್ಟ್ ಹೆಡರ್ (ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಪೈಪುಗಳು) ಮತ್ತು ಹೆಚ್ಚು ಲಿಫ್ಟ್ ಕೊಡುವ, ಅಂದರೆ ವಾಲ್ವ್‌ಗಳನ್ನು ಹೆಚ್ಚು ಎತ್ತುವ, ಕ್ಯಾಮ್‌ಶಾಫ್ಟ್ ಹಾಕಿಸಿದ್ದೇನೆ. ಶಕ್ತಿ ಹೆಚ್ಚಿದೆ. ಆದರೆ ಎಂಜಿನ್ ಶುರುವಾದೊಡನೆ ಟಿಕ್ ಟಿಕ್ ಎಂಬ ಸದ್ದು ಕೇಳುತ್ತದೆ, ಮೊದಲು ಇರಲಿಲ್ಲ. ಇದು ಸಹಜವೇ?

ಉತ್ತರ: ಸಹಜವೆಂದು ಸುಮ್ಮನಿರಬೇಡಿ. ಹಾಗೆಂದು ಈಗಲೇ ಬಿಚ್ಚಿಸಲೂ ಬೇಡಿ. ಇಂಥ ಸದ್ದಿನ ಮೂಲ ಹೆಚ್ಚಿನ ಸಲ ಈಚೆಗೆ ಕೈಯಾಡಿದ ಜಾಗದಲ್ಲೇ ಇರುತ್ತದೆ. ಸದ್ದು ಯಾವಾಗ ಹುಟ್ಟುತ್ತದೆ, ಯಾವಾಗ ಅಡಗುತ್ತದೆ ಎಂದು ಗಮನಿಸಿದರೆ ಸ್ಪ್ಯಾನರ್ ಎತ್ತುವ ಮೊದಲೇ ಅರ್ಧ ಉತ್ತರ ಸಿಗುತ್ತದೆ.

ಎಲ್ಲಕ್ಕಿಂತ ಮೊದಲು ಆಯಿಲ್ ನೋಡಿ. ಕಡ್ಡಿ ಎಳೆದು ಮಟ್ಟ ಪರೀಕ್ಷಿಸಿ, ಸಾಧ್ಯವಾದರೆ ಮೀಟರ್ ಜೋಡಿಸಿ ಒತ್ತಡ ಅಳೆಯಿರಿ. ಆಯಿಲ್ ದೀಪ ಮಿನುಗುತ್ತಿದ್ದರೆ, ಇಲ್ಲವೇ ಸದ್ದು ಟಿಕ್ ಎನ್ನದೆ ಆಳದಿಂದ ಟಕ್ ಟಕ್ ಎಂದು ಬಡಿಯುತ್ತಿದ್ದರೆ, ಅದು ಬೇರಿಂಗಿನ ಕೂಗಿರಬಹುದು. ಎಂಜಿನ್ ಆರಿಸಿ, ಮತ್ತೆ ಹಚ್ಚಬೇಡಿ. ಇನ್ನು ಮುಂದೆ ಹೇಳುವುದೆಲ್ಲ ಆಯಿಲ್ ಸರಿ ಇದ್ದು, ಸದ್ದು ತೆಳುವಾಗಿದ್ದರೆ ಮಾತ್ರ.

ನಿಮ್ಮ ವಿಷಯದಲ್ಲಿ ನನ್ನ ಮೊದಲ ಅನುಮಾನ ಹೆಡರಿನ ಮೇಲೆ. ಸಿಲಿಂಡರ್ ಹೆಡ್ಡಿಗೂ ಹೆಡರಿನ ಅಂಚಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ಎಕ್ಸಾಸ್ಟ್ ವಾಲ್ವ್ ತೆರೆದಾಗಲೆಲ್ಲ ಬಿಸಿ ಅನಿಲ ಅಲ್ಲಿಂದ ಚಿಮ್ಮುತ್ತದೆ. ಆ ಚಿಮ್ಮು ಲೋಹಕ್ಕೆ ಲೋಹ ತಾಗಿದ ಹಾಗೆಯೇ ಕೇಳುತ್ತದೆ. ಪಳಗಿದ ಕಿವಿಗಳೂ ಅದನ್ನು ಟ್ಯಾಪೆಟ್ (ಕ್ಯಾಮಿನ ಒತ್ತನ್ನು ವಾಲ್ವಿಗೆ ದಾಟಿಸುವ ಭಾಗ) ಎಂದು ಭ್ರಮಿಸುತ್ತವೆ. ತಾಳದಿಂದ ಬೇರ್ಪಡಿಸಲೂ ಆಗದು. ಒಂದು ಸಿಲಿಂಡರಿನ ವಾಲ್ವ್ ತೆರೆಯುವುದು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಒಮ್ಮೆ. ಆಕ್ಸಿಲರೇಟರ್ ಒತ್ತದಿರುವಾಗಿನ 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಐಡ್ಲಿಂಗ್‌ನಲ್ಲಿ ಅದು ನಿಮಿಷಕ್ಕೆ 400 ಸಲ, ಸೆಕೆಂಡಿಗೆ ಏಳರ ಹತ್ತಿರ. ಸೋರಿಕೆಯದೂ ಟ್ಯಾಪೆಟ್ಟಿನದೂ ಒಂದೇ ಲೆಕ್ಕ.

ಬೇರ್ಪಡಿಸುವುದು ಬಿಸಿ. ರಾತ್ರಿಯೆಲ್ಲ ತಣ್ಣಗಿದ್ದ ಎಂಜಿನ್ ಹಚ್ಚಿದಾಗ ಸದ್ದು ಜೋರಾಗಿದ್ದು, ಲೋಹ ಕಾದು ಹಿಗ್ಗಿದಂತೆ ಹತ್ತು ನಿಮಿಷಗಳಲ್ಲಿ ಕ್ಷೀಣಿಸಿದರೆ ಸೋರಿಕೆಯ ಸಾಧ್ಯತೆ ಹೆಚ್ಚು. ಏರು ಹತ್ತುವಾಗ, ಭಾರ ಎಳೆಯುವಾಗ ಅದೇ ಸದ್ದು ಮತ್ತೆ ಎದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಎಂಜಿನ್ ತಣಿದ ಮೇಲೆ ಟಾರ್ಚ್ ಹಿಡಿದು ಜೋಡಣೆಯ ಅಂಚನ್ನು ನೋಡುತ್ತ ಹೋಗಿ. ಸೋರುವ ಕಡೆ ಕಪ್ಪು ಮಸಿ ಬೀಸಣಿಗೆಯಂತೆ ಹರಡಿರುತ್ತದೆ, ಅದರ ಮೊನೆ ನೇರವಾಗಿ ಸಂದಿನತ್ತ ಬೆರಳು ತೋರಿಸುತ್ತದೆ. ಮಸಿ ಕಾಣದಿದ್ದರೆ ಇನ್ನೊಂದು ದಾರಿ ಇದೆ. ಎಂಜಿನ್ ಆರಿಸಿ, ತಣಿಸಿ, ಗಾಳಿ ಊದುವ ಯಂತ್ರದಿಂದ ಸೈಲೆನ್ಸರ್ ಬಾಯೊಳಗೆ ಹಗುರವಾಗಿ ಗಾಳಿ ಕೊಡಿ, ಜೋಡಣೆಗಳ ಮೇಲೆ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಏಳುವಲ್ಲಿ ಸೋರಿಕೆ.

ಪರಿಹಾರ ಬೋಲ್ಟನ್ನು ಬಲವಾಗಿ ತಿರುಚುವುದಲ್ಲ. ಹೆಡರಿನ ಬೋಲ್ಟ್‌ಗಳು ಕೆಲವು ಸಲ ಕಾದು ತಣಿದ ಮೇಲೆ ಸಡಿಲಗೊಳ್ಳುವುದು ವಾಡಿಕೆ. ಎಂಜಿನ್ ತಣ್ಣಗಿರುವಾಗ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ, ನಡುವಿನಿಂದ ಹೊರಕ್ಕೆ, ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ. ಆಮೇಲೂ ಸೋರಿದರೆ ಗ್ಯಾಸ್ಕೆಟ್ ಹೊಸದಾಗಬೇಕು, ಹೆಡರಿನ ಅಂಚು ಸಪಾಟಾಗಿದೆಯೇ ಎಂದು ನೇರಪಟ್ಟಿ ಇಟ್ಟು ನೋಡಬೇಕು. ಇದನ್ನು ಮುಂದೂಡಬೇಡಿ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮೊದಲಿನ ಸಂದಿನಲ್ಲಿ ಹೊರಗಿನ ಗಾಳಿಯೂ ಒಳಸೇರುತ್ತದೆ. ಆಗ ಸೆನ್ಸರ್ ಇಂಧನ ಕಡಿಮೆ ಎಂದು ತಪ್ಪಾಗಿ ಓದುತ್ತದೆ, ಎಂಜಿನ್ ಸುಮ್ಮಸುಮ್ಮನೆ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಸೋರಿದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದಂತೂ ಜೀವದ ಪ್ರಶ್ನೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಹಚ್ಚಿ ಪರೀಕ್ಷೆ ಮಾಡಲೇಬೇಡಿ.

ಹೆಡರಿನೊಂದಿಗೆ ಬರುವ ಇನ್ನೊಂದು ಸದ್ದನ್ನು ಹಲವರು ಊಹಿಸುವುದೇ ಇಲ್ಲ. ಹಿಂದೆ ನಾನು ನೋಡಿದ ಒಂದು ಎಂಜಿನ್‌ಗೆ ಎರಡು ಬಾರಿ ಟ್ಯಾಪೆಟ್ ಹೊಂದಿಸಿದ್ದರೂ ಟಿಕ್ ನಿಂತಿರಲಿಲ್ಲ. ಕತ್ತಲಾದ ಮೇಲೆ ದೀಪ ಆರಿಸಿ ಬಾನೆಟ್ ಎತ್ತಿದೆವು. ಪ್ಲಗ್ಗಿನ ತಂತಿಯೊಂದು ಹೆಡರಿಗೆ ತಾಗಿ ಸುಟ್ಟಿತ್ತು; ಆ ಸುಟ್ಟ ಜಾಗದಿಂದ ಪೈಪಿಗೆ ನೀಲಿ ಕಿಡಿ ಹಾರುತ್ತಿತ್ತು, ಪ್ರತಿ ಕಿಡಿಗೂ ಒಂದು ಟಿಕ್. ತಂತಿ ಬದಲಿಸಿ ದೂರ ಕಟ್ಟಿದ್ದಷ್ಟೇ ಕೆಲಸ.

ಈಗ ಕ್ಯಾಮ್. ಬಿಸಿಯಾದರೂ ಸದ್ದು ಕುಗ್ಗದೆ, ವಾಲ್ವ್ ಕವರಿನ ಮೇಲೆಯೇ ಸ್ಪಷ್ಟವಾಗಿ ಕೇಳಿದರೆ ಇತ್ತ ತಿರುಗಬೇಕು. ಮೆಕ್ಯಾನಿಕ್‌ಗಳ ಸ್ಟೆತಸ್ಕೋಪ್ ಇಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರ್ ಸಾಕು: ತುದಿಯನ್ನು ಕವರಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ. ತಿರುಗುವ ಬೆಲ್ಟ್, ಫ್ಯಾನ್‌ಗಳಿಂದ ಕೈಯನ್ನೂ ಬಟ್ಟೆಯನ್ನೂ ದೂರವಿಡಿ. ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳಲ್ಲಿ ಒಂದೊಂದರ ವೈರನ್ನು ಕ್ಷಣಕಾಲ ಕಳಚಿಯೂ ನೋಡಬಹುದು. ಆ ಸಿಲಿಂಡರಿನಲ್ಲಿ ಇಂಧನ ಉರಿಯದಿದ್ದಾಗ ಸೋರಿಕೆಯ ಸದ್ದು ತಗ್ಗುತ್ತದೆ, ಟ್ಯಾಪೆಟ್ಟಿನದು ತಗ್ಗುವುದಿಲ್ಲ.

ಕ್ಯಾಮ್ ಬದಲಿಸಿದ ಮಾತ್ರಕ್ಕೆ ಸದ್ದೇಕೆ? ಕ್ಯಾಮಿನ ಒಂದೊಂದು ಲೋಬ್ ಮೊಟ್ಟೆಯಾಕಾರದ್ದು. ಚೂಪು ಭಾಗ ವಾಲ್ವನ್ನು ಎತ್ತುತ್ತದೆ. ವಾಲ್ವ್ ಮುಚ್ಚಿರುವಾಗ ಲಿಫ್ಟರಿನಡಿ (ಟ್ಯಾಪೆಟ್ಟಿಗೆ ಇನ್ನೊಂದು ಹೆಸರು) ಇರುವುದು ದುಂಡು ಭಾಗ, ಅದೇ ಬೇಸ್ ಸರ್ಕಲ್. ಲಿಫ್ಟರಿನ ಒತ್ತನ್ನು ಮೇಲಕ್ಕೆ ಸಾಗಿಸುವ ಸರಳು, ಅಂದರೆ ಪುಶ್‌ರಾಡ್, ಇರುವ ಎಂಜಿನ್‌ಗಳಲ್ಲಿ ಇಡೀ ಕ್ಯಾಮ್ ಬೇರಿಂಗಿನ ತೂತಿನೊಳಗಿಂದಲೇ ತೂರಿ ಬರಬೇಕಾದ್ದರಿಂದ ಚೂಪು ಭಾಗವನ್ನು ಬೇಕಾದಷ್ಟು ಉದ್ದ ಮಾಡಲಾಗದು. ಹಾಗಾಗಿ ಹೆಚ್ಚಿನ ಲಿಫ್ಟಿಗಾಗಿ ದುಂಡು ಭಾಗವನ್ನೇ ಸಣ್ಣದಾಗಿ ಅರೆಯುತ್ತಾರೆ. ಆಗ ಲಿಫ್ಟರ್ ಹಳೆಯ ಮಟ್ಟಕ್ಕಿಂತ ತುಸು ಕೆಳಗೆ ಕೂರುತ್ತದೆ, ಹಳೆಯ ಪುಶ್‌ರಾಡ್ ಅಷ್ಟರ ಮಟ್ಟಿಗೆ ಗಿಡ್ಡವಾಗುತ್ತದೆ.

ಆಯಿಲ್ ಒತ್ತಡದಿಂದ ಸಡಿಲವನ್ನು ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ಲಿಫ್ಟರಿನೊಳಗೆ ಜಾರುವ ಭಾಗವಾದ ಪ್ಲಂಜರ್ ಸಾಮಾನ್ಯವಾಗಿ 0.5 ಮಿ.ಮೀ.ನಿಂದ 1.5 ಮಿ.ಮೀ.ವರೆಗೆ ಒತ್ತಿ ಕೂತಿರಬೇಕು. ಇದನ್ನೇ ಪ್ರಿಲೋಡ್ ಎನ್ನುತ್ತಾರೆ. ಇದರ ಕೆಳಮಿತಿ ಕೈಬೆರಳಿನ ಉಗುರಿನಷ್ಟು ದಪ್ಪ, ಅಷ್ಟೇ. ಅದು ಕಳೆದುಹೋದರೆ ರಾಕರ್ (ವಾಲ್ವನ್ನು ಒತ್ತುವ ಸನ್ನೆ) ಮತ್ತು ವಾಲ್ವಿನ ನಡುವೆ ಸಡಿಲ ಹುಟ್ಟಿ, ಕ್ಯಾಮಿನ ಪ್ರತಿ ಸುತ್ತಿಗೂ ಒಂದು ಪೆಟ್ಟು ಬೀಳುತ್ತದೆ. ಆದ್ದರಿಂದ ಕ್ಯಾಮ್ ಹಾಕಿದವರನ್ನು ಒಂದೇ ಪ್ರಶ್ನೆ ಕೇಳಿ: ಪುಶ್‌ರಾಡ್ ಉದ್ದವನ್ನು ಅಳೆದಿರಾ? ಅಳೆದಿಲ್ಲವಾದರೆ ಅಲ್ಲಿಂದಲೇ ಕೆಲಸ ಶುರುವಾಗಬೇಕು. ಇಲ್ಲಿ ದಪ್ಪ ಆಯಿಲ್ ಸುರಿದು ಸದ್ದು ಅಡಗಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸದ್ದು ಅಡಗಿದರೂ ಪೆಟ್ಟು ಬೀಳುತ್ತಲೇ ಇರುತ್ತದೆ.

ನಿಮ್ಮದು ಸ್ಕ್ರೂವಿನಿಂದ ಹೊಂದಿಸುವ ಸಾಲಿಡ್ ಟ್ಯಾಪೆಟ್ ಆಗಿದ್ದರೆ ಸ್ವಲ್ಪ ಟಿಕ್ ಇರಲೇಬೇಕು. ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜಿನಿಂದ ಕ್ಯಾಮ್ ತಯಾರಕರು ಹೇಳಿದ ಅಂತರವನ್ನು ಇಡಿ. ನಿಶ್ಶಬ್ದ ಬೇಕೆಂದು ಅದಕ್ಕಿಂತ ಬಿಗಿ ಮಾಡಿಸಿದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಇಳಿಸಿಕೊಳ್ಳುವುದು ಸೀಟಿಗೆ ಒತ್ತಿ ಕೂತಾಗಲೇ. ಅದು ತಪ್ಪಿದರೆ ವಾಲ್ವಿನ ಅಂಚು ಸುಟ್ಟುಹೋಗುತ್ತದೆ.

ಇದೇ ಗೊಂದಲದಲ್ಲಿರುವ ಇತರರಿಗೆ ಎರಡು ಮಾತು. ಏರ್ ಫಿಲ್ಟರ್ ಡಬ್ಬಿಯನ್ನೋ ಎಂಜಿನ್ ಮೇಲಿನ ಹೊದಿಕೆಯನ್ನೋ ತೆಗೆಸಿದವರಿಗೆ ಕೇಳುವುದು ಎಷ್ಟೋ ಸಲ ಮೊದಲಿಂದ ಇದ್ದ ಇಂಜೆಕ್ಟರ್ ಸದ್ದೇ. ಹಳೆಯದನ್ನು ಒಮ್ಮೆ ಮರಳಿ ಕೂರಿಸಿ ಹೋಲಿಸಿ. ಫೋರ್ಜ್ಡ್ (ಒತ್ತಿ ರೂಪಿಸಿದ) ಪಿಸ್ಟನ್ ಹಾಕಿಸಿದವರಲ್ಲಿ 2618 ಎಂಬ ಅಲ್ಯೂಮಿನಿಯಂ ಮಿಶ್ರಲೋಹದವು ಕಾದಾಗ ಹೆಚ್ಚು ಹಿಗ್ಗುವುದರಿಂದ ತಣ್ಣಗಿರುವಾಗ ಸಡಿಲವಾಗಿಯೇ ಕೂರುತ್ತವೆ. ಮೊದಲ ಕೆಲವು ನಿಮಿಷ ಬಡಿದು, ಬಿಸಿಯಾದಂತೆ ಮೌನವಾದರೆ ಅದು ಅವುಗಳ ಸ್ವಭಾವ.

ನಾಳೆ ಬೆಳಗ್ಗೆ ತಣ್ಣನೆಯ ಎಂಜಿನ್ ಹಚ್ಚಿ, ಗಡಿಯಾರ ನೋಡುತ್ತ ಹದಿನೈದು ನಿಮಿಷ ಪಕ್ಕದಲ್ಲೇ ನಿಲ್ಲಿ. ಸದ್ದು ಕರಗಿದರೆ ಟಾರ್ಕ್ ರೆಂಚ್ ಹಿಡಿದು ಹೆಡರಿನತ್ತ ಹೋಗಿ. ಕರಗದಿದ್ದರೆ ವಾಲ್ವ್ ಕವರ್ ತೆಗೆಸುವ ಮೊದಲು ಆಯಿಲ್ ಫಿಲ್ಟರನ್ನು ಬಿಚ್ಚಿ, ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿಯಿರಿ. ಹೊಳೆಯುವ ಲೋಹದ ಚೂರುಗಳಿದ್ದು ಅಯಸ್ಕಾಂತಕ್ಕೆ ಅಂಟಿದರೆ ಕ್ಯಾಮ್ ಅಥವಾ ಲಿಫ್ಟರ್ ಸವೆಯುತ್ತಿದೆ ಎಂದೇ ತಿಳಿಯಿರಿ. ಆಗ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.